ಗೋಧಿ ಬಿಟ್ಟ ಮನೆಯ ಕಿರಾಣಿ ಲೆಕ್ಕ

ಪ್ರಶ್ನೆ: ನಮಸ್ಕಾರ ಮೇಡಂ. ನಾವು ವಿಜಯಪುರದ ಕಡೆಯವರು. ಮದುವೆಯಾದಾಗಿನಿಂದ ಪುಣೆಯ ಚಿಂಚವಡದಲ್ಲಿದ್ದೇವೆ. ಮನೆಯವರಿಗೆ ಭೋಸರಿಯ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಕೆಲಸ, ಕೈಗೆ ಬರುವುದು 31,000 ರೂಪಾಯಿ. ಒಂಬತ್ತು ವರ್ಷದ ಮಗಳಿಗೆ ಏಳು ತಿಂಗಳ ಹಿಂದೆ ಸೀಲಿಯಾಕ್, ಅಂದರೆ ಗೋಧಿಯಲ್ಲಿರುವ ಗ್ಲುಟೆನ್ ಅನ್ನುವ ಅಂಶ ಕರುಳಿಗೆ ಪೆಟ್ಟು ಕೊಡುವ ಕಾಯಿಲೆ ಅಂತ ಗೊತ್ತಾಯಿತು. ಅವಳೊಬ್ಬಳಿಗೇ ಬೇರೆ ಊಟ ಅನ್ನಿಸಬಾರದು ಅಂತ ಎಲ್ಲರಿಗೂ ಪ್ಯಾಕೆಟ್‌ನ ಗ್ಲುಟೆನ್ ಫ್ರೀ ಹಿಟ್ಟನ್ನೇ ತರುತ್ತಿದ್ದೇವೆ. ತಿಂಗಳಿಗೆ 12 ಕಿಲೋ ಬೇಕು, ಕಿಲೋಗೆ 220. ಬ್ರೆಡ್ ಆರು ಪ್ಯಾಕೆಟ್, ಒಂದಕ್ಕೆ 250. ಬಿಸ್ಕೆಟ್, ಪಾಸ್ತಾ ಸೇರಿ 1,400. ಮೊದಲು 7,000ದಲ್ಲಿ ಮುಗಿಯುತ್ತಿದ್ದ ಕಿರಾಣಿ ಈಗ 12,000 ಆಗುತ್ತಿದೆ. ಭಯಕ್ಕೆ ರಕ್ತ ಪರೀಕ್ಷೆ ಮೂರು ಸಲ ಮಾಡಿಸಿದೆವು. ಸರ್ಕಾರದಿಂದ ಏನಾದರೂ ಸಹಾಯ ಸಿಗುತ್ತದೆಯೇ? ಅತ್ತೆಯವರು ‘ಒಂದು ತುತ್ತು ತಿಂದರೆ ಏನಾಗುತ್ತದೆ’ ಅನ್ನುತ್ತಾರೆ. ಪಕ್ಕದ ಮನೆಯವರು ಖಪ್ಲಿ ಗೋಧಿ ಕೊಡಿ ಅನ್ನುತ್ತಾರೆ. ಮಗಳು ಚಪಾತಿ ಬೇಕು ಅಂತ ಅಳುತ್ತಾಳೆ. ಐದು ವರ್ಷದ ಮಗನೂ ಇದ್ದಾನೆ, ಅವನು ಆರಾಮಾಗಿದ್ದಾನೆ. ಖರ್ಚು ಹೊಂದಿಸಲು ನಾನು ಹಾಲು, ಹಣ್ಣು ಬಿಟ್ಟಿದ್ದೇನೆ. ನನಗೆ ಮೊದಲಿನಿಂದಲೂ ರಕ್ತ ಕಡಿಮೆ, ಸುಸ್ತು ಇದ್ದದ್ದೇ. ದಾರಿ ತೋರಿಸಿ.

ಉತ್ತರ: ನಿಮ್ಮ ಪತ್ರದ ಕೊನೆಯ ಎರಡು ಸಾಲಿನಿಂದಲೇ ಶುರು ಮಾಡುತ್ತೇನೆ. ಹಾಲು, ಹಣ್ಣು ಇವತ್ತಿನಿಂದಲೇ ಮತ್ತೆ ಶುರು ಮಾಡಿ. ಪುಣೆಯಲ್ಲಿ ಡಯಟಿಷಿಯನ್ ಆಗಿ ಇಪ್ಪತ್ತು ವರ್ಷಕ್ಕಿಂತ ಜಾಸ್ತಿ ಕೆಲಸ ಮಾಡಿದ್ದೇನೆ. ಮಗುವಿಗೆ ಸೀಲಿಯಾಕ್ ಅಂತ ಬಂದ ಮನೆಗಳಲ್ಲಿ ದುಡ್ಡಿನ ಬಿಸಿ ಮೊದಲು ತಟ್ಟುವುದು ತಾಯಿಯ ತಟ್ಟೆಗೆ. ಯಾರೂ ಹೇಳಿರುವುದಿಲ್ಲ, ಅವರೇ ಸುಮ್ನೆ ಬಿಟ್ಟಿರುತ್ತಾರೆ.

ನಿಮ್ಮ ವಿಷಯದಲ್ಲಿ ಇನ್ನೊಂದು ಕಾರಣವೂ ಇದೆ. ಸೀಲಿಯಾಕ್ ರಕ್ತ ಸಂಬಂಧದಲ್ಲಿ ಬರುವ ಕಾಯಿಲೆ. ಒಬ್ಬರಿಗೆ ಇದ್ದರೆ ಅವರ ತಂದೆ, ತಾಯಿ, ಅಣ್ಣ ತಮ್ಮ, ಅಕ್ಕ ತಂಗಿಯರಲ್ಲಿ ಸುಮಾರು ಹತ್ತರಲ್ಲಿ ಒಬ್ಬರಿಗೆ ಇರುವ ಸಾಧ್ಯತೆ ಇರುತ್ತದೆ. ಹೊಟ್ಟೆನೋವು, ಭೇದಿ ಏನೂ ಇಲ್ಲದೆ ಬರೀ ರಕ್ತ ಕಡಿಮೆ, ಸುಸ್ತು ಅಂತಲೇ ವರ್ಷಗಟ್ಟಲೆ ಇರುವವರು ಇದ್ದಾರೆ. ಕರುಳಿನ ಒಳಗಿನ ಎಳೆಗಳು ಸವೆದುಹೋದರೆ ಕಬ್ಬಿಣದಂಶ ದೇಹಕ್ಕೆ ಹತ್ತುವುದಿಲ್ಲ. ಹಾಗಾಗಿ ನಿಮಗೂ ಪರೀಕ್ಷೆ ಆಗಬೇಕು. ಅದರ ಬಗ್ಗೆ ಮುಂದೆ ಬರೆಯುತ್ತೇನೆ, ಯಾಕೆಂದರೆ ಅಲ್ಲೊಂದು ತೊಡಕಿದೆ.

ಈಗ ಲೆಕ್ಕಕ್ಕೆ ಬರೋಣ. ನಿಮಗೆ ಜಾಸ್ತಿಯಾದದ್ದು 5,000. ಹಿಟ್ಟಿಗೆ 2,640 ಆಗುತ್ತಿದೆ. ಮೊದಲು ಅಷ್ಟೇ ಗೋಧಿ ಹಿಟ್ಟಿಗೆ ಐನೂರ ಚಿಲ್ಲರೆ ಕೊಡುತ್ತಿದ್ದಿರಿ. ಅಂದರೆ ಹಿಟ್ಟಿನಿಂದ 2,100. ಬ್ರೆಡ್‌ನಿಂದ 1,500. ಬಿಸ್ಕೆಟ್, ಪಾಸ್ತಾದಿಂದ 1,400. ಇಲ್ಲಿಗೆ ಐದು ಸಾವಿರ ಮುಗಿಯಿತು. ಇದರಲ್ಲಿ ಕಾಯಿಲೆಗೆ ಬೇಕೇಬೇಕಾದ ಖರ್ಚು ಎಷ್ಟು ಅಂತ ನೋಡಿ. ನನ್ನ ಪ್ರಕಾರ ಸಾವಿರವೂ ಇಲ್ಲ. ಉಳಿದದ್ದೆಲ್ಲ ಗೋಧಿಯ ಜಾಗದಲ್ಲಿ ಗೋಧಿಯಂಥದ್ದನ್ನೇ ತಂದಿಡಲು ಹೋಗುತ್ತಿರುವ ದುಡ್ಡು. ಚಪಾತಿಗೆ ಬದಲು ಚಪಾತಿ, ಬ್ರೆಡ್‌ಗೆ ಬದಲು ಬ್ರೆಡ್. ಆಸ್ಪತ್ರೆಯಿಂದ ಬಂದ ಮೊದಲ ತಿಂಗಳು ಎಲ್ಲರೂ ಹೀಗೇ ಮಾಡುತ್ತಾರೆ. ಇದು ನಿಮ್ಮ ತಪ್ಪಲ್ಲ. ‘ಗ್ಲುಟೆನ್ ಫ್ರೀ ಕೊಡಿ’ ಅಂತಷ್ಟೇ ಚೀಟಿಯಲ್ಲಿ ಬರೆದುಕೊಟ್ಟರೆ ಯಾರೇ ಆದರೂ ಆ ಪದ ಬರೆದಿರುವ ಪ್ಯಾಕೆಟ್ಟನ್ನೇ ಹುಡುಕುತ್ತಾರೆ.

ಆದರೆ ನೀವು ವಿಜಯಪುರದವರು. ರೊಟ್ಟಿ ಬಡಿಯುವ ಕೈ ನಿಮ್ಮದು. ಜೋಳದಲ್ಲಿ ಗ್ಲುಟೆನ್ ಇಲ್ಲ. ಸಜ್ಜೆ, ರಾಗಿ, ನವಣೆ, ಸಾಮೆ, ಅಕ್ಕಿ, ಮೆಕ್ಕೆಜೋಳ, ಯಾವ ಬೇಳೆಯಲ್ಲೂ ಇಲ್ಲ. ಇರುವುದು ಗೋಧಿ, ಬಾರ್ಲಿ ಮತ್ತು ನಮ್ಮ ಕಡೆ ಬೆಳೆಯದ ರೈ ಅನ್ನುವ ಕಾಳಿನಲ್ಲಿ. ಮೈದಾ, ಬಾಂಬೆ ರವೆ, ಚಿರೋಟಿ ರವೆ, ಶಾವಿಗೆ ಎಲ್ಲ ಗೋಧಿಯ ಮಕ್ಕಳೇ. ಓಟ್ಸ್ ಕೂಡ ಗೋಧಿಯ ಜೊತೆ ಬೆರೆತೇ ಬರುವುದರಿಂದ ಈಗ ಬೇಡ. ಮನೆಯ ಹಳೇ ಊಟವೇ ಔಷಧಿಯಾಗಿರುವಾಗ ಕಿಲೋಗೆ 220 ಯಾಕೆ ಕೊಡಬೇಕು?

ಜೋಳವನ್ನು ಹಿಟ್ಟಾಗಿ ತರಬೇಡಿ, ಕಾಳಾಗಿ ತನ್ನಿ. ಗುಲ್ಟೇಕಡಿಯ ಮಾರ್ಕೆಟ್ ಯಾರ್ಡ್‌ನ ಭುಸಾರ್ ಬಜಾರಿನಲ್ಲಿ, ಅಂದರೆ ಧಾನ್ಯದ ಪೇಟೆಯಲ್ಲಿ, ಸೋಲಾಪುರ ಕಡೆಯ ಮಾಲದಂಡಿ ಜೋಳ ಬರುತ್ತದೆ. ಮಂಗಳವೇಢೆಯ ಜೋಳವೂ ಸಿಗುತ್ತದೆ, ಅದಕ್ಕೆ ಜಿಐ ಗುರುತು, ಅಂದರೆ ಆ ಊರಿನದೇ ವಿಶೇಷ ಬೆಳೆ ಅನ್ನುವ ಸರ್ಕಾರಿ ಗುರುತು ಇದೆ. ಒಳ್ಳೆಯದಕ್ಕೆ ಕಿಲೋಗೆ 60ರ ಆಚೀಚೆ ಹಿಡಿಯಿರಿ. ಮೂರು ತಿಂಗಳಿಗೆ ಒಟ್ಟಿಗೆ ತಂದರೆ ಹೋಗಿ ಬರುವ ಖರ್ಚೂ ಉಳಿಯುತ್ತದೆ. ಊರಿಂದ ಚೀಲ ಬರುವಂತಿದ್ದರೆ ಇನ್ನೂ ಒಳ್ಳೆಯದು.

ಕಾಳೇ ಯಾಕೆ ಅನ್ನುತ್ತೀರಾ? ಜೋಳದೊಳಗೆ ಒಂದು ಗೋಧಿ ಕಾಳು ಸೇರಿದ್ದರೆ ಕಣ್ಣಿಗೆ ಬೀಳುತ್ತದೆ. ಜೋಳ ಗುಂಡಗೆ, ಬೆಳ್ಳಗೆ. ಗೋಧಿ ಉದ್ದ, ಕಂದು, ನಡುವೆ ಗೀರು. ಮೊರದಲ್ಲಿ ಹರವಿಕೊಂಡು ಕೂತರೆ ಒಂದು ಕಿಲೋ ಆರಿಸಲು ಕಾಲು ಗಂಟೆ ಸಾಕು. ನಿಮ್ಮ ಮಗಳನ್ನೇ ಪಕ್ಕದಲ್ಲಿ ಕೂರಿಸಿಕೊಳ್ಳಿ. ಒಂಬತ್ತು ವರ್ಷದ ಕಣ್ಣು ನಮ್ಮದಕ್ಕಿಂತ ಚುರುಕು. ಅದೇ ಗೋಧಿ ಹಿಟ್ಟಾಗಿ ಬೆರೆತಿದ್ದರೆ ಯಾವ ಕಣ್ಣಿಗೂ ಕಾಣುವುದಿಲ್ಲ. ಆರಿಸಿದ ಮೇಲೆ ತೊಳೆದು ಒಣಗಿಸಿ ಇಟ್ಟುಕೊಳ್ಳಿ.

ಇನ್ನು ಗಿರಣಿ. ಈ ಕಾಯಿಲೆಯಲ್ಲಿ ದುಡ್ಡು ಹಾಕಲೇಬೇಕಾದ ಜಾಗ ಯಾವುದಾದರೂ ಇದ್ದರೆ ಅದು ಇದೇ.

ನಿಮ್ಮ ಗಲ್ಲಿಯ ಗಿರಣಿಯ ಮುಂದೆ ಐದು ನಿಮಿಷ ನಿಂತು ನೋಡಿ. ಒಬ್ಬರ ಗೋಧಿ ಮುಗಿಯುತ್ತಿದ್ದಂತೆ ಅದೇ ಬಾಯಿಗೆ ಇನ್ನೊಬ್ಬರ ಜೋಳ ಸುರಿಯುತ್ತಾರೆ. ಮೊದಲು ಬೀಳುವ ಹಿಡಿ ಹಿಟ್ಟು ಕಂದು ಬಣ್ಣಕ್ಕಿರುತ್ತದೆ, ಆಮೇಲೆ ಬೆಳ್ಳಗಾಗುತ್ತದೆ. ಬೆಳ್ಳಗಾಯಿತು ಅಂದರೆ ಸ್ವಚ್ಛ ಆಯಿತು ಅಂತಲ್ಲ. ಕಲ್ಲಿನ ಗೀರುಗಳಲ್ಲಿ, ಹಿಟ್ಟು ಇಳಿಯುವ ಬಟ್ಟೆಯ ಚೀಲದಲ್ಲಿ ಗೋಧಿ ಕೂತೇ ಇರುತ್ತದೆ.

ಎಷ್ಟು ಬೆರೆತರೆ ಕೆಡುತ್ತದೆ ಅಂತ ಲೆಕ್ಕ ಹಾಕೋಣ. ನಮ್ಮ ದೇಶದ ಆಹಾರ ನಿಯಮದಲ್ಲಿ ಗ್ಲುಟೆನ್ ಫ್ರೀ ಅಂತ ಬರೆಯಬೇಕಾದರೆ ಒಂದು ಕಿಲೋದಲ್ಲಿ 20 ಮಿಲಿಗ್ರಾಂಗಿಂತ ಜಾಸ್ತಿ ಗ್ಲುಟೆನ್ ಇರಬಾರದು. ಒಂದು ಟೀ ಚಮಚ ಗೋಧಿ ಹಿಟ್ಟು ಅಂದರೆ ಸುಮಾರು 3 ಗ್ರಾಂ. ಅದರಲ್ಲಿ ಗ್ಲುಟೆನ್ 250 ಮಿಲಿಗ್ರಾಂ ಹತ್ತಿರ ಇರುತ್ತದೆ. ಹತ್ತು ಕಿಲೋ ಜೋಳದ ಹಿಟ್ಟಿಗೆ ಆ ಒಂದು ಚಮಚ ಬೆರೆತರೆ ಸಾಕು, ಇಡೀ ಡಬ್ಬಿ ಆ ಮಿತಿ ದಾಟುತ್ತದೆ. ‘ಮೊದಲು ಅರ್ಧ ಕಿಲೋ ಜೋಳ ಹಾಕಿಸಿ ಗಿರಣಿ ತೊಳೆದ ಹಾಗೆ ಮಾಡಿಸುತ್ತೇವೆ’ ಅಂತ ಕೆಲವರು ಹೇಳುತ್ತಾರೆ. ಏನೂ ಮಾಡದಿರುವುದಕ್ಕಿಂತ ವಾಸಿ, ಅಷ್ಟೇ. ದಿನಾ ತಿನ್ನುವ ಮಗುವಿಗೆ ನಾನು ಅದನ್ನು ಒಪ್ಪುವುದಿಲ್ಲ.

ಅದಕ್ಕೇ ಮನೆಗೊಂದು ಘರಘಂಟಿ ತೆಗೆದುಕೊಳ್ಳಿ. ಪುಣೆಯಲ್ಲಿ ಈ ಹೆಸರು ಎಲ್ಲರಿಗೂ ಗೊತ್ತು, ಮನೆಯಲ್ಲಿಡುವ ಸಣ್ಣ ಹಿಟ್ಟಿನ ಗಿರಣಿ. ಹದಿನೈದು, ಹದಿನಾರು ಸಾವಿರಕ್ಕೆ ಒಳ್ಳೆಯದು ಬರುತ್ತದೆ. ಹಳೆಯದು ಮಾತ್ರ ಬೇಡ, ಅದರಲ್ಲಿ ಯಾರೋ ವರ್ಷಗಟ್ಟಲೆ ಗೋಧಿ ಬೀಸಿರುತ್ತಾರೆ. ‘ಇಷ್ಟು ದುಡ್ಡು ಎಲ್ಲಿಂದ’ ಅಂತ ನಿಮಗೆ ಅನ್ನಿಸುವುದು ಸಹಜ. ಲೆಕ್ಕ ಹೀಗಿದೆ: ಜೋಳ 8 ಕಿಲೋಗೆ 480, ಸಜ್ಜೆ 2 ಕಿಲೋಗೆ 90, ಹಿಟ್ಟಿಗೆ ಅಕ್ಕಿ 2 ಕಿಲೋ 100. ಒಟ್ಟು 670. ಭಾನುವಾರಕ್ಕೆ ಅಂತ ಒಂದು ಕಿಲೋ ಪ್ಯಾಕೆಟ್ ಹಿಟ್ಟು ಇರಲಿ, 220. ಮಗಳ ಬಿಸ್ಕೆಟ್, ಚಿಕ್ಕಿಗೆ 500. ಗೋಧಿಗೆ ಮೊದಲು ಕೊಡುತ್ತಿದ್ದದ್ದನ್ನು ಕಳೆದರೆ ತಿಂಗಳಿಗೆ ಜಾಸ್ತಿ ಆಗುವುದು 850. ಐದು ಸಾವಿರದ ಜಾಗದಲ್ಲಿ ಇಷ್ಟೇ. ಉಳಿದ 4,000ದಲ್ಲಿ 900 ನಿಮ್ಮ ಅರ್ಧ ಲೀಟರ್ ಹಾಲಿಗೆ ಮೊದಲು ತೆಗೆದಿಡಿ. ಆಮೇಲೂ ಐದು, ಆರು ತಿಂಗಳಲ್ಲಿ ಘರಘಂಟಿಯ ದುಡ್ಡು ತೀರುತ್ತದೆ. ಮನೆಯವರ ಬೋನಸ್ ದೀಪಾವಳಿಗೆ ಬರುವುದಾದರೆ ಅದಕ್ಕೇ ಎತ್ತಿಡಿ. ಪುಣೆಯಲ್ಲಿ ಇದೇ ಕಾಯಿಲೆಯ ಮಕ್ಕಳಿರುವ ಮನೆ ಹತ್ತಿರದಲ್ಲಿದ್ದರೆ ಇಬ್ಬರು ಸೇರಿ ಒಂದನ್ನು ತರಬಹುದು. ನಿಗಡಿಯ ಇಬ್ಬರು ತಾಯಂದಿರು ಹಾಗೆ ಮಾಡಿದ್ದನ್ನು ನೋಡಿದ್ದೇನೆ. ಅದಕ್ಕೆ ಗೋಧಿ ಹಾಕುವುದಿಲ್ಲ ಅಂತ ಇಬ್ಬರೂ ದೇವರ ಮುಂದೆ ಮಾತು ಕೊಟ್ಟಿದ್ದರು.

ಸಣ್ಣ ಮನೆಯಲ್ಲಿ ಗೋಧಿ ಹಿಟ್ಟಿನ ಡಬ್ಬಿ ಇಡದಿರುವುದೇ ಒಳ್ಳೆಯದು. ಹಿಟ್ಟು ಗಾಳಿಯಲ್ಲಿ ಹಾರುತ್ತದೆ, ಒರೆಸುವ ಬಟ್ಟೆಗೆ ಅಂಟುತ್ತದೆ. ಇದರಲ್ಲಿ ನೀವು ಮಾಡಿದ್ದು ಸರಿ. ಎಲ್ಲರೂ ರೊಟ್ಟಿ, ಅನ್ನ ತಿನ್ನಿ. ಹಳೇ ಲಟ್ಟಣಿಗೆ, ಮಣೆ ಮರದ್ದಾದರೆ ಅವನ್ನು ಯಾರಿಗಾದರೂ ಕೊಟ್ಟುಬಿಡಿ. ರೊಟ್ಟಿಗೆ ಅವು ಬೇಕಾಗುವುದೂ ಇಲ್ಲ, ಪರಾತ ಮತ್ತು ಅಂಗೈ ಸಾಕು. ಜರಡಿ ಮಾತ್ರ ಹೊಸದು ತನ್ನಿ. ಎಷ್ಟು ತೊಳೆದರೂ ಜರಡಿಯ ಕಣ್ಣಿಂದ ಹಿಟ್ಟು ಬಿಡುವುದಿಲ್ಲ.

ಮಗಳ ಚಪಾತಿ ಆಸೆಗೆ ಒಂದು ಉಪಾಯ. ಜೋಳದ ಹಿಟ್ಟು ಮುಕ್ಕಾಲು ಪಾಲು, ಅಕ್ಕಿ ಹಿಟ್ಟು ಕಾಲು ಪಾಲು. ಎರಡು ಬಟ್ಟಲು ಹಿಟ್ಟಿಗೆ ಎರಡು ಚಮಚ ಇಸಬ್ಗೋಲ್. ಎಸರು ಕುದಿಯುವಾಗ ಹಾಕಿ, ಮುಚ್ಚಿಟ್ಟು, ಬಿಸಿ ಇರುವಾಗಲೇ ಎಣ್ಣೆ ಕೈಯಲ್ಲಿ ನಾದಿ. ಗೋಧಿ ಹಿಟ್ಟನ್ನು ಹಿಡಿದಿಡುವುದು ಗ್ಲುಟೆನ್. ಅದಿಲ್ಲದ ಕಡೆ ಇಸಬ್ಗೋಲ್ ಆ ಕೆಲಸ ಮಾಡುತ್ತದೆ. ಮಡಚಿದರೆ ಒಡೆಯುವುದಿಲ್ಲ, ಪಲ್ಯ ಸುತ್ತಿ ಡಬ್ಬಿಗೆ ಹಾಕಬಹುದು. ಗೋಧಿ ಚಪಾತಿಯ ರುಚಿಯೇ ಬರುತ್ತದೆ ಅಂತ ನಾನು ಹೇಳುವುದಿಲ್ಲ, ಮಗಳಿಗೂ ಹಾಗೆ ಹೇಳಬೇಡಿ. ಬೇರೆ ರುಚಿ ಅಂತಲೇ ಕೊಡಿ. ಅಳುವಾಗ ಅಳಲಿ. ಒಂಬತ್ತು ವರ್ಷದ ಹುಡುಗಿ ಕೈಬಿಟ್ಟದ್ದು ಸಣ್ಣದೇನಲ್ಲ.

ಪ್ರವಾಸಕ್ಕೆ, ಶಾಲೆಗೆ ಕಡಕ್ ರೊಟ್ಟಿ ಇದೆಯಲ್ಲ. ವಾರಗಟ್ಟಲೆ ಕೆಡುವುದಿಲ್ಲ. ಅದರ ಜೊತೆ ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಮೊಸರು. 250 ರೂಪಾಯಿಯ ಬ್ರೆಡ್‌ನಲ್ಲಿ ಸಾಮಾನ್ಯವಾಗಿ ಇರುವುದು ಪಿಷ್ಟ. ಶೇಂಗಾ ಚಟ್ನಿ ಹಚ್ಚಿದ ಒಂದು ರೊಟ್ಟಿಯಲ್ಲಿ ಬೆಳೆಯುವ ಮಗುವಿಗೆ ಬೇಕಾದದ್ದು ಅದಕ್ಕಿಂತ ಎಷ್ಟೋ ಜಾಸ್ತಿ ಇದೆ. ರೊಟ್ಟಿ ಕೇಂದ್ರದಿಂದ ಕೊಳ್ಳುವಾಗ ಮಾತ್ರ ಜಾಗ್ರತೆ. ಅಲ್ಲಿ ಅದೇ ಹಂಚಿನ ಮೇಲೆ ಚಪಾತಿಯೂ ಬೇಯುತ್ತದೆ.

ಮಹಾರಾಷ್ಟ್ರದಲ್ಲಿ ಇರುವುದರಿಂದ ಇನ್ನೊಂದು ಅನುಕೂಲ ಇದೆ. ಇಲ್ಲಿ ಪ್ರತಿ ಕಿರಾಣಿ ಅಂಗಡಿಯಲ್ಲೂ ಉಪವಾಸದ ಸಾಮಾನಿಗೆ ಒಂದು ಕಪಾಟು ಇರುತ್ತದೆ. ಸಾಬುದಾಣೆ, ವರಿ ಅನ್ನುವ ಸಿರಿಧಾನ್ಯ, ರಾಜಗಿರಾ, ಶಿಂಗಾಡಾ ಹಿಟ್ಟು. ಏಕಾದಶಿಗೆ ಗೋಧಿ ಮುಟ್ಟದವರಿಗಾಗಿ ಇಟ್ಟದ್ದು ನಮ್ಮ ಮಕ್ಕಳಿಗೂ ಆಗುತ್ತದೆ. ರಾಜಗಿರಾ ಚಿಕ್ಕಿ ಹತ್ತಿಪ್ಪತ್ತು ರೂಪಾಯಿಗೆ ಸಿಗುತ್ತದೆ, ಇನ್ನೂರರ ಬಿಸ್ಕೆಟ್ ಯಾಕೆ? ವರಿಯನ್ನು ಬಿಡಿಯಾಗಿ ತೂಗಿಸದೆ ಮುಚ್ಚಿದ ಪ್ಯಾಕೆಟ್ ತನ್ನಿ. ಬಿಡಿ ಸಾಮಾನಿನ ಸೌಟು ಒಂದು ಚೀಲದಿಂದ ಇನ್ನೊಂದಕ್ಕೆ ಹೋಗುತ್ತಿರುತ್ತದೆ. ಸಾಬುದಾಣೆ ದಿನಾ ಬೇಡ. ಹೊಟ್ಟೆ ತುಂಬುತ್ತದೆ, ಮೈಗೆ ಹತ್ತುವುದು ಕಡಿಮೆ. ಗಣಪತಿ ಹಬ್ಬದಲ್ಲಿ ಉಕಡೀಚೆ ಮೋದಕ ಅಕ್ಕಿ ಹಿಟ್ಟಿನದು, ನಿಮ್ಮ ಮನೆಯಲ್ಲೇ ಮಾಡಿದರೆ ಅವಳು ಹೊಟ್ಟೆ ತುಂಬ ತಿನ್ನಲಿ. ಸತ್ಯನಾರಾಯಣ ಪೂಜೆಯ ಪ್ರಸಾದ ರವೆಯದ್ದು. ಕೈಯೊಡ್ಡಿ ತೆಗೆದುಕೊಂಡು, ಕಣ್ಣಿಗೊತ್ತಿಕೊಂಡು, ಅಮ್ಮನ ಕೈಗೆ ಕೊಟ್ಟು ಕೈ ತೊಳೆಯುವುದನ್ನು ಕಲಿಸಿ. ಹೀಗೆ ಮಾಡುವ ಮಗುವನ್ನು ಬಂದವರು ಯಾರೂ ಬೇರೆಯಾಗಿ ನೋಡುವುದಿಲ್ಲ.

ಅತ್ತೆಯವರ ‘ಒಂದು ತುತ್ತು’. ಅವರಿಗೆ ಒಂದು ಕಥೆ ಹೇಳಿ. ಡಿಕೆ ಅಂತ ನೆದರ್‌ಲ್ಯಾಂಡ್ಸ್‌ನಲ್ಲಿ ಒಬ್ಬ ಮಕ್ಕಳ ಡಾಕ್ಟರ್ ಇದ್ದರು. 1944-45ರ ಚಳಿಗಾಲದಲ್ಲಿ ಯುದ್ಧದಿಂದಾಗಿ ಅಲ್ಲಿ ಬ್ರೆಡ್ ಸಿಗುವುದೇ ಅಪರೂಪವಾಯಿತು. ಊರೆಲ್ಲ ಹಸಿವಿನಿಂದ ನರಳುವಾಗ ಈ ಕಾಯಿಲೆಯ ಮಕ್ಕಳು ಮಾತ್ರ ಚೇತರಿಸಿಕೊಂಡರು. ಯುದ್ಧ ಮುಗಿದು ಬ್ರೆಡ್ ಬಂದಾಗ ಮತ್ತೆ ಮಲಗಿದರು. ಗೋಧಿಯೇ ಕಾರಣ ಅಂತ ಆ ಡಾಕ್ಟರ್ ಮೊದಲೇ ಅನುಮಾನಪಟ್ಟಿದ್ದರು, ಇದರಿಂದ ಅದು ಗಟ್ಟಿಯಾಯಿತು. ಇನ್ನು ತುತ್ತಿನ ಲೆಕ್ಕ. ಇಟಲಿಯ ವೈದ್ಯರು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ದಿನಕ್ಕೆ 50 ಮಿಲಿಗ್ರಾಂ ಗ್ಲುಟೆನ್ ಮೂರು ತಿಂಗಳು ಹೋದರೂ ಕರುಳಿಗೆ ಪೆಟ್ಟು ಬಿದ್ದದ್ದು ಕಂಡಿತು. ಒಂದು ಚಪಾತಿಯನ್ನು ಐವತ್ತು ಚೂರು ಮಾಡಿದರೆ ಒಂದು ಚೂರಿನಲ್ಲಿ ಅಷ್ಟು ಇರುತ್ತದೆ. ಅತ್ತೆಯವರ ಮುಂದೆ ಒಂದು ರೊಟ್ಟಿಯನ್ನು ಹಾಗೆ ಮುರಿದು ತೋರಿಸಿ, ಮಾತಿಗಿಂತ ಬೇಗ ಅರ್ಥವಾಗುತ್ತದೆ.

‘ನಮ್ಮ ಕಡೆ ಯಾರಿಗೂ ಇಂಥದ್ದು ಕೇಳಿಲ್ಲ’ ಅಂತಲೂ ಅವರು ಅನ್ನಬಹುದು. ಅದು ಸುಳ್ಳಲ್ಲ. 2016ರಲ್ಲಿ ಪ್ರಕಟವಾದ ಭಾರತದ ಅಧ್ಯಯನವೊಂದರಲ್ಲಿ ಉತ್ತರದವರಲ್ಲಿ ನೂರಕ್ಕೆ ಒಬ್ಬರಿಗಿಂತ ಸ್ವಲ್ಪ ಜಾಸ್ತಿ, ದಕ್ಷಿಣದವರಲ್ಲಿ ಸಾವಿರಕ್ಕೆ ಒಬ್ಬರಂತೆ ಕಂಡಿತ್ತು. ಕಡಿಮೆ ಅಂದರೆ ಇಲ್ಲವೇ ಇಲ್ಲ ಅಂತ ಅಲ್ಲ ಅಲ್ವಾ?

ಅತ್ತೆಯವರಿಂದ ಬರುವ ಡಬ್ಬಿಗಳ ಬಗ್ಗೆಯೂ ಹೇಳಬೇಕು, ಪ್ರೀತಿಯಿಂದ ಕಳಿಸಿದ್ದರಲ್ಲೇ ಗೋಧಿ ಇರುತ್ತದೆ. ನಮ್ಮ ಮೆಂತ್ಯದ ಹಿಟ್ಟಿಗೆ ಬೇಳೆಗಳ ಜೊತೆ ಒಂದು ಹಿಡಿ ಗೋಧಿ ಹುರಿದು ಹಾಕುವುದು ಬಹಳ ಮನೆಗಳ ಪದ್ಧತಿ. ಇಲ್ಲಿಯ ಮೇತಕೂಟ್, ಥಾಲಿಪೀಠದ ಭಾಜಣಿಗೂ ಹಾಕುತ್ತಾರೆ. ಗೋಧಿ ಬಿಟ್ಟು ಮಾಡಿಕೊಡಿ ಅಂತ ಅವರನ್ನೇ ಕೇಳಿ. ಕೇಳಿದರೆ ಖುಷಿಯಿಂದ ಮಾಡುತ್ತಾರೆ, ಮೊಮ್ಮಗಳ ಅಡುಗೆ ತಮ್ಮ ಕೈಯಲ್ಲೂ ಇದೆ ಅನ್ನಿಸಿದರೆ ‘ಒಂದು ತುತ್ತು’ ಮಾತು ತಾನೇ ನಿಲ್ಲುತ್ತದೆ. ಬೀಸುವುದು ಮಾತ್ರ ನಿಮ್ಮ ಘರಘಂಟಿಯಲ್ಲೇ ಆಗಲಿ.

ಇಂಗಿನ ಡಬ್ಬಿಯನ್ನು ಈಗಲೇ ತಿರುಗಿಸಿ ಓದಿ. ಸಣ್ಣ ಅಕ್ಷರದಲ್ಲಿ ಗೋಧಿ ಹಿಟ್ಟು ಅಂತ ಬರೆದಿರುವ ಸಾಧ್ಯತೆ ಬಹಳ. ನನ್ನ ಹತ್ತಿರ ಬರುತ್ತಿದ್ದ ಒಬ್ಬ ಹುಡುಗ ಒಂದು ವರ್ಷ ಕಟ್ಟುನಿಟ್ಟಾಗಿ ಪಥ್ಯ ಮಾಡಿದರೂ ರಕ್ತ ಪರೀಕ್ಷೆಯ ಸಂಖ್ಯೆ ಇಳಿಯಲಿಲ್ಲ. ತಂದೆ ತಾಯಿ ಆ ಔಷಧಿ, ಈ ಔಷಧಿ ಅಂತ ಸಾವಿರಾರು ಖರ್ಚು ಮಾಡಿದ್ದರು. ಕೊನೆಗೆ ಅಡುಗೆಮನೆಯ ಒಂದೊಂದೇ ಡಬ್ಬಿ ಮೇಜಿನ ಮೇಲೆ ಇಡಿಸಿ ನೋಡಿದೆವು. ದಿನಾ ಒಗ್ಗರಣೆಗೆ ಬೀಳುತ್ತಿದ್ದ ಇಂಗು! ಅಕ್ಕಿ ಹಿಟ್ಟು ಬೆರೆಸಿದ, ಗ್ಲುಟೆನ್ ಫ್ರೀ ಅಂತ ಬರೆದ ಇಂಗು ಸಿಗುತ್ತದೆ. ಇಲ್ಲವಾದರೆ ಬೆಳ್ಳುಳ್ಳಿ ಹಾಕಿ. ಸೋಯಾ ಸಾಸ್, ಹಾಲಿಗೆ ಹಾಕುವ ಮಾಲ್ಟ್ ಪುಡಿ, ಮಾಲ್ಟ್ ಸೇರಿದ ಕಾರ್ನ್‌ಫ್ಲೇಕ್ಸ್ ಕೂಡ ಬೇಡ.

ಖಪ್ಲಿ ಅಂದರೆ ನಮ್ಮ ಸದಕ, ಜವೆ ಗೋಧಿ. ಗೋಧಿಯ ಹಳೇ ತಳಿ. ಸಕ್ಕರೆ ಕಾಯಿಲೆಯವರಿಗೆ ಒಳ್ಳೆಯದು ಅಂತ ಪುಣೆಯಲ್ಲಿ ಈಗ ಬಹಳ ಹೆಸರು ಮಾಡಿದೆ. ಗ್ಲುಟೆನ್ ಇದ್ದೇ ಇದೆ. ಖಂಡಿತ ಕೊಡಬೇಡಿ.

ಪರೀಕ್ಷೆಯ ಖರ್ಚು. ಏಳು ತಿಂಗಳಲ್ಲಿ ಮೂರು ಸಲ ಬೇಕಿರಲಿಲ್ಲ. ಸೀಲಿಯಾಕ್‌ನ ರಕ್ತ ಪರೀಕ್ಷೆಯಲ್ಲಿ ಬರುವ ಟಿಟಿಜಿ ಅನ್ನುವ ಸಂಖ್ಯೆ ನಿಧಾನವಾಗಿ ಇಳಿಯುತ್ತದೆ, ಪೂರ್ತಿ ಸರಿಹೋಗಲು ಒಂದು, ಎರಡು ವರ್ಷ ಹಿಡಿಯಬಹುದು. ಮೊದಲ ವರ್ಷ ಆರು ತಿಂಗಳಿಗೊಮ್ಮೆ, ಆಮೇಲೆ ಇಳಿದಿದ್ದರೆ ವರ್ಷಕ್ಕೊಮ್ಮೆ ಸಾಕು. ಅವಳ ಎತ್ತರ, ತೂಕ ಮಾತ್ರ ತಿಂಗಳಿಗೊಮ್ಮೆ ಬರೆದಿಡಿ, ಅದಕ್ಕೆ ದುಡ್ಡು ಬೇಕಿಲ್ಲ. ಕಬ್ಬಿಣ, ಕ್ಯಾಲ್ಸಿಯಂ, ವಿಟಮಿನ್ ಡಿ ಮಾತ್ರೆ ಬರೆದುಕೊಟ್ಟಿದ್ದರೆ ಜನೌಷಧಿ ಕೇಂದ್ರದಲ್ಲಿ ಕೇಳಿ, ಬಹಳ ಅಗ್ಗ. ದೊಡ್ಡ ಪರೀಕ್ಷೆ ಬೇಕಾದರೆ ಸಸೂನ್‌ನಂಥ ಸರ್ಕಾರಿ ಆಸ್ಪತ್ರೆಗೆ ಹೋಗಲು ಸಂಕೋಚ ಬೇಡ. ಅಲ್ಲಿ ಕಾಯಬೇಕಾಗುತ್ತದೆ, ಖರ್ಚು ಮಾತ್ರ ಖಾಸಗಿಯವರ ಹತ್ತಿರಕ್ಕೂ ಬರುವುದಿಲ್ಲ.

ಸರ್ಕಾರದ ಸಹಾಯ ಕೇಳಿದ್ದೀರಿ. ಇಟಲಿಯಲ್ಲಿ ಸೀಲಿಯಾಕ್ ಇದ್ದವರಿಗೆ ಪ್ರತಿ ತಿಂಗಳು ಆಹಾರಕ್ಕೆ ಅಂತ ಹಣ ಕೊಡುತ್ತಾರೆ. ಕೆನಡಾದಲ್ಲಿ ಸಾಮಾನ್ಯ ಬ್ರೆಡ್‌ಗಿಂತ ಎಷ್ಟು ಜಾಸ್ತಿ ಕೊಟ್ಟಿರೋ ಅಷ್ಟನ್ನು ತೆರಿಗೆ ಲೆಕ್ಕದಲ್ಲಿ ವೈದ್ಯಕೀಯ ಖರ್ಚು ಅಂತ ತೋರಿಸಬಹುದು. ನಮ್ಮಲ್ಲಿ ಅಂಥದ್ದಿಲ್ಲ. ಕೆಲವು ದೊಡ್ಡ ಕಾಯಿಲೆಗಳ ಚಿಕಿತ್ಸೆಗೆ ಆದಾಯ ತೆರಿಗೆಯಲ್ಲಿ ರಿಯಾಯಿತಿ ಇದೆ, ಆ ಪಟ್ಟಿಯಲ್ಲೂ ಸೀಲಿಯಾಕ್ ಇಲ್ಲ. ಹೇಗಿದ್ದರೂ ನಿಮ್ಮ ಸಂಬಳಕ್ಕೆ ಆದಾಯ ತೆರಿಗೆ ಬರುವುದಿಲ್ಲ. ರೇಷನ್ ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಗುವುದು ಗೋಧಿ ಮತ್ತು ಅಕ್ಕಿ. ಗೋಧಿ ತಿನ್ನಲಾಗದ ಮನೆಗೆ ಅದರ ಬದಲು ಜೋಳ ಕೊಡಬೇಕು ಅಂತ ನನಗೆ ಬಹಳ ಅನ್ನಿಸುತ್ತದೆ. ಜೋಳ ಬೆಳೆಯುವ ರಾಜ್ಯದಲ್ಲೇ ಇದ್ದು ಇದನ್ನು ಕೇಳಬೇಕಾಗಿರುವುದು ಬೇಸರದ ವಿಷಯ.

ಆರೋಗ್ಯ ವಿಮೆ ಮಾಡಿಸುವಾಗ ಕಾಯಿಲೆ ಮುಚ್ಚಿಡಬೇಡಿ. ಮೊದಲೇ ಇದ್ದ ಕಾಯಿಲೆಗೆ ಕಾಯುವ ಅವಧಿ 2024ರಿಂದ ಹೆಚ್ಚೆಂದರೆ 36 ತಿಂಗಳು. ಮುಚ್ಚಿಟ್ಟರೆ ಬೇರೆ ಕಾಯಿಲೆಯ ಕ್ಲೇಮ್‌ಗೂ ತೊಂದರೆ ಆಗಬಹುದು. ಮನೆಯವರ ಕಂಪನಿಯಲ್ಲಿ ಗ್ರೂಪ್ ವಿಮೆ ಇದೆಯೇ, ಅದರಲ್ಲಿ ಮಕ್ಕಳ ಹೆಸರು ಸೇರಿಸಿದ್ದಾರೆಯೇ ಅಂತ ಎಚ್ಆರ್‌ನವರನ್ನು ಕೇಳಿಸಿ.

ಈಗ ಮೊದಲು ಹೇಳಿದ ತೊಡಕು. ಮಗನಿಗೂ ನಿಮಗೂ ಮನೆಯವರಿಗೂ ಟಿಟಿಜಿ ಪರೀಕ್ಷೆ ಆಗಬೇಕು. ಆದರೆ ಏಳು ತಿಂಗಳಿಂದ ಮನೆಯಲ್ಲಿ ಗೋಧಿಯೇ ಇಲ್ಲ. ಗೋಧಿ ತಿನ್ನದವರ ರಕ್ತದಲ್ಲಿ ಈ ಪರೀಕ್ಷೆ ಕಾಯಿಲೆ ಇದ್ದರೂ ಇಲ್ಲ ಅಂತ ತೋರಿಸಬಹುದು. ಅಷ್ಟು ದುಡ್ಡು ಕೊಟ್ಟು ಸುಳ್ಳು ಸಮಾಧಾನ ತಂದುಕೊಂಡ ಹಾಗಾಗುತ್ತದೆ. ಪರೀಕ್ಷೆಗೆ ಮುಂಚೆ ಕಡಿಮೆ ಅಂದರೆ ಆರು ವಾರ, ದಿನಕ್ಕೆ ಎರಡು ಹೊತ್ತಾದರೂ ಗೋಧಿಯ ಪದಾರ್ಥ ತಿಂದಿರಬೇಕು. ಮನೆಗೆ ಹಿಟ್ಟು ತರುವುದು ಬೇಡ. ಬೇಕರಿಯ ಪಾವ್ ತನ್ನಿ. ಮೂವರಿಗೂ ಒಂದು ಬೇರೆ ತಟ್ಟೆ, ಬಾಗಿಲ ಹತ್ತಿರ ಕೂತು ತಿಂದು, ಚೂರು ಬಳಿದು, ಕೈ ತೊಳೆದು ಏಳುವುದು. ಮಗಳು ಶಾಲೆಗೆ ಹೋದ ಮೇಲೆ ಆದರೆ ಇನ್ನೂ ಒಳ್ಳೆಯದು. ಪಾವ್ ತಿಂದಾಗ ಮಗನಿಗೆ ಹೊಟ್ಟೆನೋವು, ವಾಂತಿ ಕಂಡರೆ ನಿಲ್ಲಿಸಿ ಡಾಕ್ಟರಿಗೆ ತೋರಿಸಿ.

ಆರು ವಾರ ಆದ ಮೇಲೆ ಮಗಳನ್ನು ನೋಡುತ್ತಿರುವ ಡಾಕ್ಟರ ಹತ್ತಿರವೇ ಬರೆಸಿಕೊಳ್ಳಿ. ಟಿಟಿಜಿ ಐಜಿಎ ಜೊತೆಗೆ ಒಟ್ಟು ಐಜಿಎ ಕೂಡ ಇರಲಿ. ಐಜಿಎ ಅಂದರೆ ರಕ್ತದಲ್ಲಿರುವ ಒಂದು ಬಗೆಯ ರೋಗನಿರೋಧಕ ಅಂಶ, ಕೆಲವರಲ್ಲಿ ಅದು ಹುಟ್ಟಿನಿಂದಲೇ ಕಡಿಮೆ ಇರುತ್ತದೆ. ಅಂಥವರಲ್ಲಿ ಮೊದಲನೆಯ ಪರೀಕ್ಷೆ ಒಂದೇ ಮಾಡಿಸಿದರೆ ಏನೂ ತಿಳಿಯುವುದಿಲ್ಲ. ನಿಮ್ಮ ಚೀಟಿಯಲ್ಲಿ ಹಿಮೋಗ್ಲೋಬಿನ್ ಮತ್ತು ದೇಹದಲ್ಲಿ ಕೂಡಿಟ್ಟ ಕಬ್ಬಿಣ ಎಷ್ಟಿದೆ ಅಂತ ತೋರಿಸುವ ಫೆರಿಟಿನ್ ಕೂಡ ಸೇರಿಸಲು ಹೇಳಿ. ರಿಪೋರ್ಟ್ ಬಂದ ಮೇಲೆ ಮೂವರದ್ದೂ ನನಗೆ ಕಳಿಸಿ, ಮೊದಲು ನಿಮ್ಮದನ್ನು.